ಹಾಸ್ಟೆಲ್ ಹುಡುಗೀರಿಗೆ ಪಿಸಿಓಎಸ್ ಬಗ್ಗೆ ಒಂದು ಗಂಟೆ ಹೇಳ್ಬೇಕು, ಏನ್ ಹೇಳ್ಲಿ?

ಹಾಸನದ_ಹಾಸ್ಟೆಲ್_ಮೇಡಂ

ಎಲ್ರಿಗೂ ನಮಸ್ಕಾರ. ನಾನು ಪಾಠ ಮಾಡೋದು ಕಾಮರ್ಸು, ಆದ್ರೆ ಕಾಲೇಜಿನ ಲೇಡೀಸ್ ಹಾಸ್ಟೆಲ್ ಉಸ್ತುವಾರಿನೂ ನನ್ ತಲೆಗೇ ಕಟ್ಟಿದಾರೆ. 140 ಹುಡುಗೀರು, 18ರಿಂದ 22 ವಯಸ್ಸಿನೋರು. ಅದ್ರಲ್ಲಿ ಪಿಸಿಓಎಸ್, ಅಂದ್ರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದ್ರೆ, ಜನ ಪಿಸಿಓಡಿ ಅಂತಾರಲ್ಲ, ಅದಕ್ಕೆ ಅಂತ ಫೈಲ್ ಇಟ್ಕೊಂಡಿರೋರು ನಂಗೆ ಗೊತ್ತಿರೋ ಹಾಗೆ 11 ಜನ, ಫೈಲ್ ಇಲ್ದೇ ಸುಮ್ನೆ ಇರೋರು ಎಷ್ಟೋ. ಪ್ರಿನ್ಸಿಪಾಲ್ರು ಈ ವರ್ಷನೂ ಒಂದು ಆರೋಗ್ಯ ಅರಿವು ಕಾರ್ಯಕ್ರಮ ಮಾಡ್ಸಿ ಅಂದಿದಾರೆ, ಶನಿವಾರ ಮಧ್ಯಾಹ್ನ ಒಂದೇ ಗಂಟೆ.

ಹೋದ್ ವರ್ಷದ ಕಥೆ ಹೇಳ್ತೀನಿ ಕೇಳಿ. ಹೊರಗಡೆಯಿಂದ ಒಬ್ರು ಬಂದ್ರು, ಅರವತ್ತು ಸ್ಲೈಡ್ ತೋರ್ಸಿದ್ರು, ಎಲ್ಲಾ ಇಂಗ್ಲಿಷು, ಕೊನೇಗೆ ಒಂದು ಡಯಟ್ ಶೀಟ್ ಹಂಚಿದ್ರು. ಬೆಳಿಗ್ಗೆ ಓಟ್ಸು ಬೆಣ್ಣೆಹಣ್ಣು, ಮಧ್ಯಾಹ್ನ ಕಿನೊವಾ, ರಾತ್ರಿ ಬ್ರಾಕೊಲಿ ಸೂಪು. ನಮ್ ಮೆಸ್ಸಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಸಾರು, ಭಾನುವಾರ ಪೂರಿ. ಒಬ್ಳು ಎದ್ದು "ಸರ್ ಚಿತ್ರಾನ್ನ ತಿನ್ಬೋದಾ" ಅಂದ್ಳು, ಎಲ್ರೂ ನಕ್ರು, ಅವ್ರೂ ನಕ್ರು, ಉತ್ರ ಮಾತ್ರ ಬರ್ಲಿಲ್ಲ. ಹೊರಡೋವಾಗ "ಏನೂ ಹೆದರ್ಬೇಡಿ, ಮದ್ವೆ ಆಗಿ ಒಂದು ಮಗು ಆದ್ರೆ ಎಲ್ಲಾ ಸರಿ ಹೋಗತ್ತೆ" ಅಂತ ಹೇಳಿ ಹೋದ್ರು.

ಆಮೇಲೆ ಎರಡು ತಿಂಗ್ಳಿಗೆ ಬಿಎಸ್ಸಿ ಹುಡ್ಗಿ ಒಬ್ಳು ಕಾಫಿ ಬಿಸ್ಕೆಟ್ ಮೇಲೇ ದಿನ ಕಳೀತಿದ್ದು ಲ್ಯಾಬಲ್ಲಿ ತಲೆ ಸುತ್ತಿ ಬಿದ್ಲು. ಕೇಳಿದ್ರೆ "ಮೇಡಂ ಆ ಶೀಟಲ್ಲಿರೋದು ಒಂದೂ ಇಲ್ಲಿ ಸಿಗಲ್ವಲ್ಲ, ಇಲ್ಲಿ ಕೊಡೋದೆಲ್ಲಾ ತಿನ್ಬಾರ್ದು ಅಂದ್ರಲ್ಲ, ಅದ್ಕೆ ತಿನ್ನೋದೇ ಬಿಟ್ಟೆ" ಅಂದ್ಳು. ಆವತ್ತಿಂದ ನಂಗೆ ಆ ಮಾತು ತಲೆಯಿಂದ ಹೋಗಿಲ್ಲ.

ಅದ್ಕೇ ಈ ಸಲ ಯಾರನ್ನ ಕರಿಯೋಕೂ ಮುಂಚೆ ಇಲ್ಲಿ ಕೇಳ್ತಿದೀನಿ. ನಿಮಗೆ 19 ವರ್ಷ ಇದ್ದಾಗ ಯಾರಾದ್ರೂ ಏನ್ ಹೇಳಿದ್ರೆ ಉಪಯೋಗ ಆಗ್ತಿತ್ತು?

ವಿಜಯನಗರ_ಪೀಜಿ

ಮೇಡಂ ಫಸ್ಟು, ಆ ಚಿತ್ರಾನ್ನ ಪ್ರಶ್ನೆ ಕೇಳಿದ ಹುಡ್ಗಿಗೆ ನನ್ ಕಡೆಯಿಂದ ಒಂದು ಸಲಾಮು.

ನಂದು ಹೇಳ್ತೀನಿ. 19ಕ್ಕೆ ಸ್ಕ್ಯಾನ್ ಮಾಡ್ಸಿದ್ರು, ಎರಡೂ ಕಡೆ ಅಂಡಾಶಯದಲ್ಲಿ ಪಿಸಿಓ ಅಂತ ಬರೆದಿದ್ರು. ನಾನು ಹೊಟ್ಟೆ ಒಳಗೆ ಗಡ್ಡೆ ಇದೆ ಅಂದ್ಕೊಂಡು ಬಸ್ಸಲ್ಲಿ ಅಳ್ತಾ ಬಂದೆ. 21 ದಿನದ ಮಾತ್ರೆ ಬರ್ಕೊಟ್ರು, "ವೇಯ್ಟ್ ಕಮ್ಮಿ ಮಾಡಮ್ಮ" ಅಂದ್ರು, ಒಟ್ಟು ನಾಲ್ಕು ನಿಮಿಷ. ಮಾತ್ರೆ ಏನ್ ಮಾಡತ್ತೆ ಅಂತ ಯಾರೂ ಹೇಳ್ಲಿಲ್ಲ. ರಜಕ್ಕೆ ಊರಿಗೆ ಹೋದಾಗ ಅಮ್ಮ ಬ್ಯಾಗಲ್ಲಿ ಸ್ಟ್ರಿಪ್ ನೋಡಿ ಅಕ್ಕನ ಫೋನಲ್ಲಿ ಹೆಸ್ರು ಹಾಕಿ ನೋಡಿದ್ರೆ ಗರ್ಭನಿರೋಧಕ ಮಾತ್ರೆ ಅಂತ ಬಂತು. ಮನೇಲಿ ಆವತ್ತು ಒಲೆ ಹಚ್ಚಿಲ್ಲ ಅಂದ್ರೆ ನೀವೇ ಅರ್ಥ ಮಾಡ್ಕೊಳ್ಳಿ. ಮಾತ್ರೆ ಬಿಡ್ಸಿದ್ರು, ಆಮೇಲೆ ಐದು ತಿಂಗ್ಳು ಡೇಟೇ ಬರ್ಲಿಲ್ಲ, ನಾನು ಹಾಯಾಗಿದೆ ಅಂತ ಸುಮ್ನಿದ್ದೆ. ಅದು ಹಾಯಾಗಿರೋ ವಿಷ್ಯ ಅಲ್ಲ ಅಂತ ಗೊತ್ತಾಗಿದ್ದು ಆರನೇ ತಿಂಗ್ಳು 17 ದಿನ ನಿಲ್ದೇ ಬ್ಲೀಡಿಂಗ್ ಆಗಿ ಹಿಮೋಗ್ಲೋಬಿನ್ 7ಕ್ಕೆ ಇಳಿದಾಗ.

ಆ ಮಾತ್ರೆ ಯಾಕೆ ಅಂತ ಅಮ್ಮನ ಎದುರಿಗೇ ಯಾರಾದ್ರೂ ಎರಡು ಮಾತು ಹೇಳಿದ್ರೆ ಸಾಕಿತ್ತು.

ಡಾಕ್ಟ್ರಮ್ಮ_ದುರ್ಗ

ಸ್ತ್ರೀರೋಗ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಇದೀನಿ, ಇದು ವಾರಕ್ಕೆ ಹತ್ತು ಸಲ ಕೇಳೋ ಕಥೆ, ನಾಲ್ಕು ನಿಮಿಷದ ಒಪಿಡಿ ಮಾಡೋರಲ್ಲಿ ನಾನೂ ಒಬ್ಳು ಅಂತ ಒಪ್ಕೊಂಡೇ ಬರೀತೀನಿ.

ಮೊದ್ಲು ಆ ಗಡ್ಡೆ ವಿಷ್ಯ. ಹೆಸರೇ ದಾರಿ ತಪ್ಪಿಸತ್ತೆ. 1935ರಲ್ಲಿ ಶಿಕಾಗೋದಲ್ಲಿ ಸ್ಟೀನ್ ಮತ್ತೆ ಲೆವೆಂತಾಲ್ ಅಂತ ಇಬ್ರು ಡಾಕ್ಟ್ರು ಏಳು ಜನ ಹೆಂಗಸ್ರ ಬಗ್ಗೆ ಬರೆದ್ರು, ಆವಾಗಿಂದ ಅಂಡಾಶಯದ ಮೇಲೇ ಎಲ್ಲರ ಕಣ್ಣು. ಸ್ಕ್ಯಾನಲ್ಲಿ ಕಾಣೋ ಆ ಚುಕ್ಕಿಗಳು ಗಡ್ಡೆನೂ ಅಲ್ಲ ಕೀವಿನ ಗುಳ್ಳೆನೂ ಅಲ್ಲ, ಪೂರ್ತಿ ಬಲೀದೇ ಅರ್ಧಕ್ಕೆ ನಿಂತ ಮೊಟ್ಟೆ ಕೋಶಗಳು, 2ರಿಂದ 9 ಮಿಲಿಮೀಟರು, ಅಂದ್ರೆ ಸಾಸಿವೆ ಕಾಳಿಂದ ಕಡಲೆ ಕಾಳಿನಷ್ಟು. ಅವನ್ನ ತೆಗೀಬೇಕು ಒಡೀಬೇಕು ಅಂತ ಏನಿಲ್ಲ.

ಎಷ್ಟೋ ಹುಡುಗೀರಲ್ಲಿ ಹಿಂದೆ ಕೆಲ್ಸ ಮಾಡ್ತಿರೋದು ಇನ್ಸುಲಿನ್ನು. ಮೈ ಇನ್ಸುಲಿನ್ ಮಾತು ಸರಿಯಾಗಿ ಕೇಳಲ್ಲ, ಆಗ ಅದು ಇನ್ನೂ ಜಾಸ್ತಿ ಸುರಿಯತ್ತೆ, ಆ ಜಾಸ್ತಿ ಇನ್ಸುಲಿನ್ನು ಅಂಡಾಶಯಕ್ಕೆ ಗಂಡು ಹಾರ್ಮೋನ್ ಹೆಚ್ಗೆ ಮಾಡು ಅಂತ ಕುಮ್ಮಕ್ಕು ಕೊಡತ್ತೆ, ಜೊತೆಗೆ ಆ ಹಾರ್ಮೋನನ್ನ ರಕ್ತದಲ್ಲಿ ಹಿಡಿದಿಡೋ ಪ್ರೋಟೀನನ್ನ ಲಿವರ್ರು ಕಮ್ಮಿ ಮಾಡೋ ಹಾಗೆ ಮಾಡತ್ತೆ. ಅದ್ರಿಂದ್ಲೇ ಗದ್ದದ ಕೂದ್ಲು, ಮೊಡವೆ, ನಡುನೆತ್ತಿ ತೆಳ್ಳಗಾಗೋದು, ಮುಟ್ಟು ತಪ್ಪೋದು. ಕತ್ತಿನ ಹಿಂದೆ ಕಪ್ಪಾಗತ್ತಲ್ಲ, ಎಷ್ಟು ಉಜ್ಜಿದ್ರೂ ಹೋಗಲ್ಲ ಅಂತ ತಾಯಂದ್ರು ಸ್ಕ್ರಬ್ಬರ್ ಹಾಕಿ ತಿಕ್ಕಿ ಗಾಯ ಮಾಡಿರ್ತಾರೆ, ಅದು ಕೊಳೆ ಅಲ್ಲ, ಇನ್ಸುಲಿನ್ ಜಾಸ್ತಿ ಇರೋದ್ರ ಗುರ್ತು. ಇದೊಂದು ಮಾತನ್ನ ದಯವಿಟ್ಟು ಹೇಳಿ ಮೇಡಂ.

ಪೀಜಿ ಪುಟ್ಟಾ, ನೀನು ಮೈನೆರೆದಿದ್ದು ಎಷ್ಟನೇ ವಯಸ್ಸಿಗೆ?

ವಿಜಯನಗರ_ಪೀಜಿ

12ಕ್ಕೆ ಡಾಕ್ಟ್ರೇ, ಏಳನೇ ಕ್ಲಾಸು.

ಡಾಕ್ಟ್ರಮ್ಮ_ದುರ್ಗ

ನೋಡು, 19ಕ್ಕೆ ಸ್ಕ್ಯಾನ್ ಅಂದ್ರೆ ಏಳೇ ವರ್ಷ ಆಗಿತ್ತು. ಮೈನೆರೆದು ಎಂಟು ವರ್ಷ ಆಗೋ ತನಕ ಸ್ಕ್ಯಾನ್ ನೋಡಿ ಪಿಸಿಓಎಸ್ ಅಂತ ಹೇಳ್ಬಾರ್ದು ಅಂತ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಲಿ ಇದೆ, ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯೋರು ಮುಂದೆ ನಿಂತು ಮಾಡಿದ್ದು. ಯಾಕಂದ್ರೆ ಆ ವಯಸ್ಸಲ್ಲಿ ಆರೋಗ್ಯವಾಗಿರೋ ಹುಡ್ಗಿ ಓವರೀಲೂ ಚುಕ್ಕಿ ತುಂಬಾ ಕಾಣತ್ತೆ. ಸಣ್ಣ ವಯಸ್ಸಿನೋರಿಗೆ ಎರಡು ಬೇಕೇ ಬೇಕು, ಮುಟ್ಟು ಏರುಪೇರು, ಜೊತೆಗೆ ಗಂಡು ಹಾರ್ಮೋನ್ ಜಾಸ್ತಿ ಇರೋ ಲಕ್ಷಣ ಇಲ್ಲಾ ರಕ್ತದ ರಿಪೋರ್ಟು. ನಿಂಗೆ ಎರಡೂ ಇದ್ರೆ ಕಾಯಿಲೆ ಹೆಸ್ರು ಸರೀನೇ ಇರ್ಬೋದು. ಥೈರಾಯ್ಡು, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ಇವನ್ನೂ ಒಂದ್ಸಲ ನೋಡಿ ಬೇರೇದಿಲ್ಲ ಅಂತ ಖಾತ್ರಿ ಮಾಡ್ಕೋಬೇಕು.

ಏರುಪೇರು ಅಂದ್ರೆ ಎಷ್ಟು? ಮೈನೆರೆದ ಮೊದಲ ವರ್ಷ ಹೆಂಗಿದ್ರೂ ಪರ್ವಾಗಿಲ್ಲ. ಒಂದರಿಂದ ಮೂರು ವರ್ಷದ ಒಳಗೆ 21 ದಿನಕ್ಕಿಂತ ಬೇಗ ಇಲ್ಲಾ 45 ದಾಟಿ ಬರ್ತಿದ್ರೆ, ಮೂರು ವರ್ಷದ ಮೇಲೆ 21ಕ್ಕಿಂತ ಬೇಗ ಇಲ್ಲಾ 35 ದಾಟಿದ್ರೆ, ಅಥ್ವಾ ವರ್ಷಕ್ಕೆ ಎಂಟು ಸಲಕ್ಕಿಂತ ಕಮ್ಮಿ ಆದ್ರೆ ತೋರ್ಸಬೇಕು. 90 ದಿನ ದಾಟ್ತು ಅಂದ್ರೆ ಕಾಯೋದೇ ಬೇಡ. ಮುಟ್ಟು ಬರ್ದೇ ಇರೋವಾಗ ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗತ್ತೆ, ಒಂದು ದಿನ ಕಟ್ಟೆ ಒಡೆದ ಹಾಗೆ ಹರಿಯತ್ತೆ, ನಿಂಗೆ ಆಗಿದ್ದು ಅದೇ. ವರ್ಷಗಟ್ಲೆ ಹಂಗೇ ಬಿಟ್ರೆ ಮುಂದೆ ಆ ಪದರಕ್ಕೆ ಕ್ಯಾನ್ಸರ್ ಬರೋ ಸಾಧ್ಯತೆನೂ ಹೆಚ್ಚು. 21 ದಿನದ ಮಾತ್ರೆ ಆ ಪದರನ ತೆಳ್ಳಗಿಡತ್ತೆ, ಗಂಡು ಹಾರ್ಮೋನನ್ನೂ ತಗ್ಸತ್ತೆ, ಗರ್ಭನಿರೋಧಕ ಅನ್ನೋದು ಅದ್ರ ಇನ್ನೊಂದು ಕೆಲ್ಸ ಅಷ್ಟೇ. ಹಂಗಂತ ಗೆಳತಿ ಸ್ಟ್ರಿಪ್ ತಗೊಂಡು ನುಂಗೋ ಹಾಗಿಲ್ಲ, ಬಿಪಿ, ಕಣ್ಣು ಮಿಂಚಿ ಬರೋ ಮೈಗ್ರೇನು, ಮನೇಲಿ ಯಾರಿಗಾದ್ರೂ ರಕ್ತ ಹೆಪ್ಪುಗಟ್ಟಿದ್ದು, ಇವೆಲ್ಲಾ ಕೇಳ್ದೇ ಕೊಡಬಾರ್ದು.

ಮದ್ವೆ ಆದ್ರೆ ಸರಿ ಹೋಗತ್ತೆ ಅನ್ನೋದಕ್ಕೆ ನಾನೇನೂ ಬರಿಯಲ್ಲ, ಬರೆದ್ರೆ ಮಾಡರೇಟರ್ ತೆಗೀತಾರೆ.

ಮೈಸೂರು_ಡಯಟಿಷಿಯನ್

ನಾನು ಊಟದ ಕಡೆ ಬರ್ತೀನಿ. ಮೇಡಂ, ಆ ಬ್ರಾಕೊಲಿ ಶೀಟು ನನ್ ಹತ್ರನೂ ಬರತ್ತೆ, ಪೇಷಂಟ್‌ಗಳೇ ಬ್ಯಾಗಿಂದ ತೆಗ್ದು ತೋರಿಸ್ತಾರೆ. ಮೇಲೆ ಡಾಕ್ಟ್ರು ಹೇಳಿದ ಅದೇ ಮಾರ್ಗಸೂಚಿ ಇನ್ನೊಂದು ಮಾತು ಸ್ಪಷ್ಟವಾಗಿ ಹೇಳತ್ತೆ, ಪಿಸಿಓಎಸ್‌ಗೆ ಅಂತ ಯಾವ್ದೋ ಒಂದು ಡಯಟ್ಟು ಬೇರೆದ್ದಕ್ಕಿಂತ ಮೇಲು ಅಂತ ಏನೂ ಇಲ್ಲ. ಹಾಲು ಬಿಡಿ, ಗೋಧಿ ಬಿಡಿ, ಅನ್ನ ಬಿಡಿ ಅನ್ನೋದಕ್ಕೆಲ್ಲ ಎಲ್ರಿಗೂ ಅನ್ವಯ ಆಗೋ ಆಧಾರ ಇಲ್ಲ.

ಈಗ ನಿಮ್ ಮೆಸ್ ತಟ್ಟೆ ತಗೊಳ್ಳಿ. ಮೂರು ಸೌಟು ಅನ್ನ, ಅದ್ರ ಮೇಲೆ ನೀರು ಸಾರು, ತಳದಲ್ಲಿ ನಾಲ್ಕು ಬೇಳೆ, ಮೂಲೇಲಿ ಒಂದು ಚಮಚ ಎಲೆಕೋಸಿನ ಪಲ್ಯ, ಒಂದು ಹಪ್ಳ. ಇದ್ರಲ್ಲಿ ತಪ್ಪು ಅನ್ನದ್ದಲ್ಲ, ಅನ್ನದ ಪಕ್ಕ ಏನೂ ಇಲ್ಲದ್ದು. 60 ಕೆಜಿ ತೂಕದ ಹುಡ್ಗಿಗೆ ದಿನಕ್ಕೆ 50 ಗ್ರಾಂ ಹತ್ರ ಪ್ರೋಟೀನ್ ಬೇಕು, ಐಸಿಎಂಆರ್, ಅಂದ್ರೆ ನಮ್ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಲೆಕ್ಕ ಕೆಜಿಗೆ 0.83 ಗ್ರಾಂ. ಆ ತಟ್ಟೆ ಪೂರ್ತಿ ಉಂಡ್ರೂ ಹತ್ತು ಗ್ರಾಂ ಆಸುಪಾಸು. ಬೆಳಿಗ್ಗೆ ಚಿತ್ರಾನ್ನದಲ್ಲಿ ಕಡ್ಲೆಬೀಜ ಹುಡ್ಕಬೇಕು. ಆಮೇಲೆ ನಾಲ್ಕು ಗಂಟೆಗೆ ಹಸಿವಾಗಿ ಗೇಟಿನ ಹೊರಗಡೆ ಪಾನಿಪೂರಿ ಅಂಗಡಿ ಮುಂದೆ ನಿಂತ್ರೆ "ಬಾಯಿ ಕಟ್ಟಲ್ಲ" ಅಂತ ಬೈತೀವಿ.

ಚಿತ್ರಾನ್ನ ತಿನ್ಬೋದಾ? ತಿನ್ಬೋದು ತಾಯಿ, ಎರಡು ಸೌಟಿನ ಬದ್ಲು ಒಂದೂವರೆ ಹಾಕ್ಕೊ, ಜೊತೆಗೆ ಒಂದು ಬೇಯ್ಸಿದ ಮೊಟ್ಟೆ, ಅದ್ರಲ್ಲಿ 6 ಗ್ರಾಂ ಪ್ರೋಟೀನು, ಮೊಟ್ಟೆ ತಿನ್ನದೋರು ಒಂದು ಹಿಡಿ ಮೊಳಕೆ ಹೆಸ್ರುಕಾಳು ಇಲ್ಲಾ ಒಂದು ಹಿಡಿ ಹುರಿದ ಕಡ್ಲೆಬೀಜ ರೂಮಲ್ಲಿ ಡಬ್ಬಿಲಿ ಇಟ್ಕೊಳ್ಳಿ. ತಟ್ಟೆಗೆ ಬಂದ ತಕ್ಷಣ ಪಲ್ಯ, ಕೋಸಂಬರಿ, ಕಾಳು ಮೊದ್ಲು ತಿನ್ನಿ, ಅನ್ನ ಆಮೇಲೆ. ಊಟದ ಕ್ರಮ ಹಿಂಗೆ ಬದಲಾಯ್ಸಿದ್ರೇನೇ ಶುಗರ್ ನಿಧಾನ ಏರತ್ತೆ, ಖರ್ಚು ಸೊನ್ನೆ. ನಮ್ ಮದ್ವೆ ಊಟದಲ್ಲಿ ಮೊದ್ಲು ಕೋಸಂಬರಿ ಪಲ್ಯ ಬಡ್ಸಿ ಅನ್ನ ಆಮೇಲೆ ತರ್ತಾರಲ್ಲ, ಆ ಎಲೆ ನೆನಪಿಸ್ಕೊಳ್ಳಿ.

ಕಾಫಿ ಟೀಗೆ ಎರಡು ಚಮಚ ಸಕ್ರೆ ದಿನಕ್ಕೆ ನಾಲ್ಕು ಸಲ ಅಂದ್ರೆ 40 ಗ್ರಾಂ, ಅದೊಂದು ಸುಮ್ನೆ ಲೆಕ್ಕ ಹಾಕಿ ತೋರ್ಸಿ, ಬೋರ್ಡ್ ಮೇಲೆ ಬೇಡ, ಲೋಟದಲ್ಲಿ ಸಕ್ರೆ ಸುರಿದು ತೋರ್ಸಿ.

ಮದ್ದೂರ್_ಗೌಡ

ಎಲ್ಲಾ ಸರಿ, ಮುದ್ದೆ ಮಾತೇ ಬರ್ನಿಲ್ಲವಲ್ಲ? ನಮ್ಮವ್ವ ಎರಡೊತ್ತೂ ಮುದ್ದೆ ಉಂಡು ಎಂಟ್ ಮಕ್ಳ ಹೆತ್ತವ್ಳೆ, ಯಾವ ಓಡಿನೂ ಇರ್ನಿಲ್ಲ. ನನ್ ಮಗ್ಳಿಗೆ ಈಗ ಇದೇ ಪ್ರಾಬ್ಲಂ, ಬೆಳಿಗ್ಗೆ ರಾಗಿ ಮಾಲ್ಟು ಬೆಲ್ಲ ಹಾಕಿ ಕೊಡ್ತಾವ್ರೆ ಮನೇಲಿ, ಸಕ್ರೆ ಮುಟ್ಸಲ್ಲ. ಆದ್ರೂ ಕಮ್ಮಿ ಆಗ್ತಿಲ್ಲ.

ಮೈಸೂರು_ಡಯಟಿಷಿಯನ್

ಗೌಡ್ರೇ, ಮುದ್ದೆ ಮೇಲೆ ನಂಗೇನೂ ಸಿಟ್ಟಿಲ್ಲ. ರಾಗಿಲಿ 100 ಗ್ರಾಂಗೆ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ನಾರಿದೆ. ಆದ್ರೆ ನುಣ್ಣಗೆ ಜರಡಿ ಹಿಡಿದ ಹಿಟ್ಟನ್ನ ನೀರಲ್ಲಿ ಕುದಿಸಿ ಗಂಜಿ ಮಾಡಿ ಬೆಲ್ಲ ಹಾಕಿ ಕುಡಿಸಿದ್ರೆ ಅದು ಗಂಟ್ಲು ಇಳಿಯೋದ್ರೊಳಗೆ ಸಕ್ರೆ ಆಗತ್ತೆ, ಬೆಲ್ಲನೂ ಸಕ್ರೆಯ ತಮ್ಮನೇ. ಅದೇ ರಾಗಿನ ಒಂದು ಮುದ್ದೆ ಮಾಡಿ ಹುರುಳಿಕಾಳು ಬಸ್ಸಾರು, ಪಕ್ಕದಲ್ಲಿ ಸೊಪ್ಪಿನ ಪಲ್ಯ ಇಟ್ಟು ಕೊಡಿ, ಕಥೆ ಬೇರೆ. ಮುದ್ದೆ ಒಂದು, ಎರಡಲ್ಲ, ಆಮೇಲೆ ಅದ್ರ ಮೇಲೆ ಅನ್ನ ಬೇಡ.

ಇನ್ನು ನಿಮ್ಮವ್ವ ಎರಡು ಮುದ್ದೆ ಉಂಡು ಗದ್ದೆಲಿ ಬಗ್ಗಿ ನಾಟಿ ಹಾಕಿದಾರೆ, ಬಿಂದ್ಗೆ ಹೊತ್ತಿದಾರೆ. ಮಗ್ಳು ಬಸ್ಸಲ್ಲಿ ಕೂತು ಹೋಗಿ ಬೆಂಚಲ್ಲಿ ಕೂತು ಬಂದು ಮಂಚದ ಮೇಲೆ ಕೂತು ಓದ್ತಾಳೆ. ವಾರಕ್ಕೆ 150 ನಿಮಿಷ ಬೆವರೋ ಹಂಗೆ ನಡೀಬೇಕು, ಎರಡು ದಿನ ಸ್ನಾಯುಗೆ ಕೆಲ್ಸ ಕೊಡೋ ಅಂಥದ್ದು, ಬಸ್ಕಿ ಹೊಡಿಯೋದೂ ನಡಿಯತ್ತೆ. ಸಾಯಂಕಾಲ ನೀವೂ ಅವಳ ಜೊತೆ ನಾಲೆ ಏರಿ ಮೇಲೆ ಅರ್ಧ ಗಂಟೆ ಹೋಗ್ಬನ್ನಿ, ಒಬ್ಳೇ ಹೋಗು ಅಂದ್ರೆ ಯಾವ ಹುಡ್ಗಿನೂ ಹೋಗಲ್ಲ.

ಮದ್ದೂರ್_ಗೌಡ

ಬೆಲ್ಲ ಸಕ್ರೆಯ ತಮ್ಮ ಅಂತ ಮಂಡ್ಯದೋರಿಗೇ ಹೇಳ್ತೀರಲ್ಲ ತಾಯಿ. ಆಯ್ತು, ನಡೀತೀವಿ.

ಪುತ್ತೂರಿನವಳು

ಎಲ್ಲರೂ ತೂಕ ತೂಕ ಅಂತ ಹೇಳುವುದು, ನಾನು ಇರುವುದೇ 46 ಕೆಜಿ ಮಾರಾಯ್ರೆ, ಇನ್ನೆಂತ ಇಳಿಸುವುದು? ಎರಡು ಕಡೆ ತೋರಿಸಿದೆ, "ನಿನಗೆ ಪಿಸಿಓಎಸ್ ಇರ್ಲಿಕ್ಕಿಲ್ಲ, ಟೆನ್ಶನ್ ಮಾಡ್ಬೇಡ" ಅಂತ ಕಳಿಸಿದ್ರು. ಮುಟ್ಟು ವರ್ಷಕ್ಕೆ ನಾಲ್ಕು ಸಲ, ಮೇಲ್ತುಟಿಗೆ ವಾರಕ್ಕೊಮ್ಮೆ ಥ್ರೆಡ್ಡಿಂಗ್. ಮೂರನೇ ಡಾಕ್ಟ್ರು ಮಾತ್ರ ಗ್ಲೂಕೋಸ್ ಕುಡಿಸಿ ರಕ್ತ ತೆಗೆದರು, 75 ಗ್ರಾಂ ಕುಡಿದು ಎರಡು ಗಂಟೆ ಕೂರುವುದು, ಗಂಟಲೆಲ್ಲ ಅಂಟು ಅಂಟು. ನೋಡಿದ್ರೆ ಶುಗರ್ ಬಾರ್ಡರಲ್ಲಿ ಉಂಟು. ಖಾಲಿ ಹೊಟ್ಟೆದು ಸರಿಯೇ ಇತ್ತು, ಅದನ್ನು ಮಾತ್ರ ನೋಡಿದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ.

ನಮ್ಮ ಕಡೆ ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿಯಲ್ಲೇ ಬೆಳಿಗ್ಗೆ ಮುಗಿಸುವುದು ಅಭ್ಯಾಸ. ಈಗ ಗಂಜಿಗೆ ಹುರುಳಿ ಚಟ್ನಿಯೋ ಹೆಸರು ಪಲ್ಯವೋ ಸೇರಿಸಿದ್ದೇನೆ, ಮಧ್ಯಾಹ್ನ ಬಂಗುಡೆಯೋ ಬೂತಾಯಿಯೋ ಇರ್ತದೆ. ತೂಕ ಇಳಿಸಲಿಕ್ಕೆ ಹೋಗಲಿಲ್ಲ, ಜಿಮ್ಮಲ್ಲಿ ಭಾರ ಎತ್ತುವುದು ಶುರು ಮಾಡಿದ್ದು. ಮೇಡಂ, ತೆಳ್ಳಗಿರುವ ಹುಡುಗಿಯರೂ ಹಾಲಲ್ಲಿ ಕೂತಿರ್ತಾರೆ ಅಂತ ನೆನಪಿಡಿ, ಅವರಿಗೂ ಒಂದು ಮಾತು ಬೇಕು.

ಡಾಕ್ಟ್ರಮ್ಮ_ದುರ್ಗ

ನಿಮ್ಮ ಮೂರನೇ ಡಾಕ್ಟ್ರು ಸರಿಯಾಗಿ ಮಾಡಿದಾರೆ. ಪಿಸಿಓಎಸ್ ಇದ್ರೆ ತೂಕ ಎಷ್ಟೇ ಇರ್ಲಿ ಆ ಗ್ಲೂಕೋಸ್ ಟೆಸ್ಟ್ ಒಂದ್ಸಲ ಆಗ್ಲೇಬೇಕು. ಮೂರು ತಿಂಗಳ ಸರಾಸರಿ ಶುಗರ್ ಅಂತ ಬೇರೆ ಒಂದು ಟೆಸ್ಟ್ ಇದೆ, ಸುಲಭ, ಆದ್ರೆ ನಮ್ ಹುಡುಗೀರಲ್ಲಿ ರಕ್ತ ಕಮ್ಮಿ ಇರೋದೇ ಜಾಸ್ತಿ, ಕಬ್ಬಿಣದ ಕೊರತೆ ಇದ್ರೆ ಆ ನಂಬರ್ರು ಹೆಚ್ಚುಕಮ್ಮಿ ತೋರ್ಸತ್ತೆ.

ತೂಕ ಜಾಸ್ತಿ ಇರೋರಿಗೆ 5ರಿಂದ 10 ಪರ್ಸೆಂಟ್ ಇಳಿದ್ರೂ ಮುಟ್ಟು ದಾರಿಗೆ ಬರೋದನ್ನ ನೋಡಿದೀನಿ, 70 ಕೆಜಿ ಇದ್ರೆ ಮೂರೂವರೆಯಿಂದ ಏಳು. 50 ಕೆಜಿಗೆ ಬರ್ಬೇಕು ಅಂತ ಯಾರೂ ಕೇಳ್ತಿಲ್ಲ. ಇನ್ನು ಪಿಸಿಓಎಸ್ ಇರೋ ಹೆಣ್ಮಕ್ಳ ಮೈ ತೂಕ ಇಳಿಸೋಕೆ ಹಠ ಮಾಡತ್ತೆ, ಅದು ಅವರ ಸೋಮಾರಿತನ ಅಲ್ಲ.

ಧಾರವಾಡದ_ಅಕ್ಕಾರು

ನಮಸ್ಕಾರ್ರಿ. ನಾ ತಾಯಿ ಅದೇನಿ, ತಾಯಿ ಕಡಿ ತಪ್ಪ ಹೇಳಾಕ ಬಂದೇನಿ. ನನ್ನ ಮಗಳು ಬೆಂಗಳೂರಾಗ ಓದಾಕ ಹೋಗಿ ಒಂದ ವರ್ಷದಾಗ 12 ಕೆಜಿ ಏರಿದ್ಲು, ಬಂದಾಗೊಮ್ಮೆ ನಾನ ಮೊದಲ ಅಂತಿದ್ದೆ "ಎಷ್ಟ ದಪ್ಪ ಆಗೀಯಲ್ಲ, ಗಂಡ ಯಾರ ಕೊಡ್ತಾರ" ಅಂತ. ನಕ್ಕೊಂತ ಅಂತಿದ್ದೆ, ಚ್ಯಾಷ್ಟಿಗೆ. ದೀಪಾವಳಿಗೆ ಬಂದಾಗ ಅಕಿ ಹಾಸಿಗಿ ಕೆಳಗ ಒಂದ ಲಾಡಿ ಸಿಕ್ತ್ರಿ, ಅದರಾಗ ಪೆನ್ನಲೆ ಗೆರಿ ಗೆರಿ ಹಾಕಿದ್ಲು, ಏನಿದು ಅಂತ ನೋಡಿದರ ದಿನಾ ಸೊಂಟ ಅಳತಿ ಮಾಡ್ಕೊಂತಿದ್ಲಂತ. ಹದಿನೇಳು ಗೆರಿ ಎಣಿಸಿದೆ ನಾನು. ಅವತ್ತಿಂದ ಬಾಯಿ ಮುಚ್ಚೇನಿ.

ಊಟದ್ದ ಹೇಳಬೇಕಂದ್ರ ನಮ್ಮ ಕಡೆ ಜ್ವಾಳದ ರೊಟ್ಟಿ, ಮಡಕಿ ಕಾಳ ಪಲ್ಯ, ಪುಂಡಿ ಪಲ್ಯ, ಮ್ಯಾಲ ಹಸೇ ಉಳ್ಳಾಗಡ್ಡಿ, ಮೂಲಂಗಿ, ಸವತಿಕಾಯಿ, ಮೆಂತೆ ತಪ್ಪಲಾ. ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಶೇಂಗಾ ಹಿಂಡಿ. ಇಷ್ಟೆಲ್ಲಾ ಮನ್ಯಾಗ ಇದ್ದದ್ದನ್ನ ಬಿಟ್ಟು ಹುಡುಗಿ ಅಲ್ಲಿ ಮೈದಾ ಪರೋಟ ತಿಂದ್ಲು, ಅಕಿಗೂ ಏನ್ ಮಾಡಾಕ ಬರ್ತದ ಹೇಳ್ರಿ, ಪೀಜಿಯವ್ರು ಕೊಟ್ಟದ್ದ ತಿನ್ನಬೇಕಲ್ಲ. ಈಗ ತಿಂಗಳಿಗೊಮ್ಮೆ 40 ಕಟಕ್ ರೊಟ್ಟಿ, ಮೂರ ಡಬ್ಬಿ ಹಿಂಡಿ ಬಸ್ಸಿಗೆ ಹಾಕಿ ಕಳಸ್ತೇನಿ. ಕಟಕ್ ರೊಟ್ಟಿ ತಿಂಗಳಾದ್ರೂ ಏನೂ ಆಗೂದಿಲ್ಲ.

ಮೇಡಂರ, ಆ ಒಂದ್ ತಾಸಿನಾಗ ಹತ್ತ ಮಿನಿಟ ನಮ್ಮಂಥ ತಾಯಂದ್ರಿಗೂ ಇಡ್ರಿ, ಫೋನಿನಾಗ ಕೇಳಿಸಿದರೂ ನಡೀತದ.

ನೈಸರ್ಗಿಕ_ಪರಿಹಾರ_90

[ಈ ಕಾಮೆಂಟನ್ನು ಮಾಡರೇಟರ್ ತೆಗೆದಿದ್ದಾರೆ: ಫೋನ್ ನಂಬರ್ ಹಾಕಿ ಪುಡಿ ಮಾರಾಟ]

ವಿಜಯನಗರ_ಪೀಜಿ

ಅಯ್ಯೋ ತೆಗೆಯೋಕೆ ಮುಂಚೆನೇ ಓದ್ದೆ, 90 ದಿನದಲ್ಲಿ ಬೇರು ಸಮೇತ ಕೀಳ್ತೀವಿ ಅಂತೆ. ನಾನು ಇಂಥದ್ದಕ್ಕೆ ಒಂದ್ಸಲ 4,000 ಕಳ್ಕೊಂಡಿದೀನಿ ಅಂತ ನಾಚ್ಕೆ ಬಿಟ್ಟು ಹೇಳ್ತೀನಿ. ಮೊದಲ ಹದಿನೈದು ದಿನ ಅಗಸೆ ಕುಂಬಳ ಬೀಜ, ಆಮೇಲೆ ಎಳ್ಳು ಸೂರ್ಯಕಾಂತಿ ಅಂತ ರೀಲ್ಸಲ್ಲಿ ತೋರಿಸ್ತಾರಲ್ಲ, ಅದು ನಿಜಾನಾ? ಪುದೀನ ಟೀ? ನಂಗೆ ಇನೋಸಿಟಾಲ್ ಪುಡಿ ಬೇರೆ ಬರ್ದಿದಾರೆ, ಸ್ಯಾಷೆ ಒಂದಕ್ಕೆ ಊಟದ ದುಡ್ಡು. ಜೊತೆಗೆ ಮೆಟ್‌ಫಾರ್ಮಿನ್, ಶುಗರ್ ಇರೋರಿಗೆ ಕೊಡೋ ಮಾತ್ರೆ, ಅದನ್ನ ಖಾಲಿ ಹೊಟ್ಟೇಲಿ ನುಂಗಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಲ್ಲಿ ಇಳ್ದು ಟಾಯ್ಲೆಟ್ ಹುಡ್ಕಿದ್ದು ಇನ್ನೂ ನೆನಪಿದೆ.

ಡಾಕ್ಟ್ರಮ್ಮ_ದುರ್ಗ

ಮೆಟ್‌ಫಾರ್ಮಿನ್ ಊಟದ ಜೊತೆ ಇಲ್ಲಾ ಊಟ ಆದ ತಕ್ಷಣ, ಸಣ್ಣ ಡೋಸಲ್ಲಿ ಶುರು ಮಾಡಿ ವಾರಕ್ಕಿಷ್ಟು ಅಂತ ಏರ್ಸೋದು, ನಿಧಾನ ಬಿಡುಗಡೆ ಆಗೋ ಮಾತ್ರೆನೂ ಸಿಗತ್ತೆ, ಕೇಳಿ ತಗೋ. ವರ್ಷಗಟ್ಲೆ ತಗೊಂಡ್ರೆ ವಿಟಮಿನ್ ಬಿ12 ಇಳೀಬೋದು, ಅದ್ರಲ್ಲೂ ಮೊಟ್ಟೆ ಮಾಂಸ ತಿನ್ನದೋರು ಆಗಾಗ ನೋಡಿಸ್ಕೋಬೇಕು. ಇನೋಸಿಟಾಲಿಂದ ತೊಂದ್ರೆ ಕಮ್ಮಿ, ಉಪಯೋಗಕ್ಕೆ ಸಾಕ್ಷಿನೂ ಕಮ್ಮಿ, ಊಟದ ದುಡ್ಡಿಗೆ ಕತ್ತರಿ ಹಾಕಿ ತಗೊಳ್ಳೋ ಅಂಥದ್ದಲ್ಲ, ಆ ದುಡ್ಡಲ್ಲಿ ಮೊಟ್ಟೆ ತಗೋ ಅಂತ ನಾನಾದ್ರೆ ಹೇಳ್ತೀನಿ. ಪುದೀನ ಟೀ ಮೇಲೆ ಸಣ್ಣ ಪ್ರಯೋಗಗಳಾಗಿವೆ, ಒಂದು ತಿಂಗ್ಳಲ್ಲಿ ಹಾರ್ಮೋನ್ ಸ್ವಲ್ಪ ಇಳೀತು, ಕೂದ್ಲು ಹಂಗೇ ಇತ್ತು. ಬೀಜ ಬದಲಾಯಿಸೋ ಕ್ರಮಕ್ಕೆ ನಂಬೋ ಅಂಥ ಆಧಾರ ಇಲ್ಲ. ಬೀಜ ಒಳ್ಳೇದೇ, ಧಾರವಾಡದ ಅಕ್ಕಾರ ಅಗಸೆ ಹಿಂಡಿ ರೊಟ್ಟಿ ಜೊತೆ ತಿನ್ನಿ, ಕ್ಯಾಲೆಂಡರ್ ನೋಡ್ಕೊಂಡು ತಿನ್ಬೇಕಾಗಿಲ್ಲ.

ಹೆಸರು_ಬೇಡ_21

ರಾತ್ರಿ ಎರಡು ಗಂಟೆ, ನಿದ್ದೆ ಬರ್ತಿಲ್ಲ ಅಂತ ಇದನ್ನೆಲ್ಲ ಓದಿದೆ. ಊಟ ಎಲ್ಲಾ ಸರಿ. ನಾನು ಹಾಸ್ಟೆಲ್ಲಲ್ಲಿ ಎಲ್ರಿಗಿಂತ ಮುಂಚೆ ಐದು ಗಂಟೆಗೆ ಎದ್ದು ಬಾತ್ರೂಮ್ ಬೋಲ್ಟ್ ಹಾಕ್ಕೊಂಡು ಗದ್ದ ಶೇವ್ ಮಾಡ್ತೀನಿ, ಎರಡು ವರ್ಷದಿಂದ, ರೂಂಮೇಟ್‌ಗೂ ಗೊತ್ತಿಲ್ಲ. ಕ್ಲಾಸಲ್ಲಿ ಗದ್ದಕ್ಕೆ ಕೈ ಇಟ್ಕೊಂಡೇ ಕೂರ್ತೀನಿ, ಲೆಕ್ಚರರ್ ಒಬ್ರು "ಏನಮ್ಮ ಯಾವಾಗ್ಲೂ ಚಿಂತೆ" ಅಂತ ತಮಾಷೆ ಮಾಡ್ತಾರೆ. ಮುಂದೆ ಮಕ್ಳಾಗಲ್ಲ ಅಂತ ಅತ್ತೆ ಒಬ್ರು ಹೇಳಿದ್ಮೇಲೆ ಓದೋಕೂ ಮನಸ್ಸಿಲ್ಲ. ಇದನ್ನ ಯಾರಿಗೆ ಹೇಳೋದು ಗೊತ್ತಾಗಲ್ಲ.

ಡಾಕ್ಟ್ರಮ್ಮ_ದುರ್ಗ

ಇಲ್ಲಿ ಹೇಳಿದ್ಯಲ್ಲ ಮಗಳೇ, ಒಳ್ಳೇದ್ ಮಾಡ್ದೆ. ಶೇವ್ ಮಾಡಿದ್ರೆ ಕೂದ್ಲು ದಪ್ಪ ಬೆಳ್ಯತ್ತೆ ಅನ್ನೋದು ಸುಳ್ಳು, ಆ ಭಯ ಬಿಡು. ಔಷಧಿಗೆ ಕೂದ್ಲು ಕಮ್ಮಿ ಆಗೋಕೆ ಆರು ತಿಂಗ್ಳಾದ್ರೂ ಬೇಕು, ಅಲ್ಲೀವರೆಗೂ ಶೇವ್, ಥ್ರೆಡ್ಡಿಂಗ್, ಯಾವ್ದು ಅನುಕೂಲವೋ ಅದು. ಮಕ್ಳ ವಿಷ್ಯ, ಪಿಸಿಓಎಸ್ ಇರೋ ಹೆಚ್ಚಿನೋರಿಗೆ ಮಕ್ಳಾಗತ್ತೆ, ಕೆಲವರಿಗೆ ಮಾತ್ರೆ ಸಹಾಯ ಬೇಕಾಗತ್ತೆ, ಅತ್ತೆ ಅವರ ಮಾತನ್ನ ಅತ್ತೆ ಮನೇಲೇ ಬಿಡು. ನಿದ್ದೆ ಬರದ್ದು, ಓದೋಕೆ ಮನಸ್ಸಿಲ್ಲದ್ದು ಇದೂ ಇದೇ ಕಾಯಿಲೆ ಜೊತೆ ಬರೋದೇ, ಪ್ರತಿ ಪೇಷಂಟ್‌ನೂ ಇದನ್ನ ಕೇಳ್ಬೇಕು ಅಂತ ಆ ಮಾರ್ಗಸೂಚಿಲೇ ಇದೆ, ನಾವೇ ಕೇಳಲ್ಲ. 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ತೆಗೀತಾರೆ, ಕನ್ನಡದಲ್ಲೇ ಮಾತಾಡ್ತಾರೆ. ನಾಳೆ ಇಲ್ಲಿ ಬಂದು ಒಂದು ಚುಕ್ಕಿ ಆದ್ರೂ ಹಾಕಿ ಹೋಗು.

ಹೆಸರು_ಬೇಡ_21

.

ಹಾಸನದ_ಹಾಸ್ಟೆಲ್_ಮೇಡಂ

ಎರಡು ವಾರ ಆಯ್ತು, ಕಾರ್ಯಕ್ರಮ ಮುಗೀತು, ವರದಿ ಒಪ್ಪಿಸ್ತೀನಿ.

ಸ್ಲೈಡ್ ಇಡ್ಲಿಲ್ಲ. ಮೆಸ್ ಹಾಲಲ್ಲೇ ಮಾಡ್ದೆ, ತಾಲ್ಲೂಕು ಆಸ್ಪತ್ರೆಲಿ ಹದಿಹರೆಯದೋರಿಗೆ ಅಂತ ಇರೋ ಸ್ನೇಹ ಕ್ಲಿನಿಕ್ಕಿನ ಕೌನ್ಸೆಲರ್ ಬಂದಿದ್ರು, ಅಲ್ಲಿ 19 ವರ್ಷದ ತನಕ ಹುಡುಗೀರು ಸುಮ್ನೆ ಹೋಗಿ ಕೇಳ್ಬೋದು ಅಂತ ನಮ್ಮೋರಿಗೆ ಯಾರಿಗೂ ಗೊತ್ತೇ ಇರ್ಲಿಲ್ಲ. ಮೊದ್ಲು ಎಲ್ರಿಗೂ ಒಂದು ಚೀಟಿ ಕೊಟ್ಟೆ, ಹೋದ ಮೂರು ಮುಟ್ಟಿನ ದಿನಾಂಕ ಬರೀರಿ, ಮಧ್ಯ ಎಷ್ಟು ದಿನ ಅಂತ ಎಣ್ಸಿ, ಯಾರೂ ಯಾರದ್ದೂ ನೋಡ್ಬೇಡಿ. ಅಲ್ಲೇ ಒಂದು ಹೊಸಾ ವಿಷ್ಯ ಗೊತ್ತಾಯ್ತು, ಅರ್ಧಕ್ಕರ್ಧ ಜನ ನಿಂತ ದಿನದಿಂದ ಎಣಿಸ್ತಾರೆ! ಶುರುವಾದ ದಿನದಿಂದ ಮುಂದಿಂದು ಶುರುವಾದ ದಿನದ ತನಕ ಅಂತ ಬೋರ್ಡಲ್ಲಿ ಬರೆದೆ, ಮತ್ತೆ ಎಣಿಸಿದ್ರು. ಹಾಲ್ ಪೂರ್ತಿ ಬೆರಳು ಮಡಚೋದು. 33 ಬಂದ ಇಬ್ರು, ಇಷ್ಟು ದಿನ ತಮಗೆ ಕಾಯಿಲೆ ಅಂದ್ಕೊಂಡಿದ್ದೋರು, ಸಮಾಧಾನ ಮಾಡ್ಕೊಂಡ್ರು. ಹಿಂದಿನ ಸಾಲಲ್ಲಿ ಒಬ್ಳು ಚೀಟಿ ಮಡ್ಸಿ ನನ್ ಕೈಗೆ ತಂದಿಟ್ಲು, ಅದ್ರಲ್ಲಿ 118 ಅಂತಿತ್ತು. ಸೋಮವಾರ ಕರ್ಕೊಂಡು ಹೋದೆ.

ಆಮೇಲೆ ತಟ್ಟೆ. ಒಂದು ನಮ್ಮ ಮಾಮೂಲಿ ತಟ್ಟೆ, ಪಕ್ಕದಲ್ಲಿ ಅದೇ ಅಡುಗೆಮನೆ ಸಾಮಾನಲ್ಲಿ ಮಾಡಿದ ಇನ್ನೊಂದು, ಒಂದೂವರೆ ಸೌಟು ಅನ್ನ, ಗಟ್ಟಿ ಹುಳಿ, ಮೊಳಕೆ ಕಾಳಿನ ಪಲ್ಯ, ಕೋಸಂಬರಿ, ಮಜ್ಜಿಗೆ. ಚಿತ್ರಾನ್ನದ ಹುಡ್ಗಿನ ಕರ್ದು ಅವಳ ಕೈಲೇ ಸಕ್ರೆ ಲೋಟಕ್ಕೆ ಸುರಿಸಿದೆ. ಎಂಟು ಚಮಚ ಆದ್ಮೇಲೆ ಅವಳೇ "ಇಷ್ಟಾ" ಅಂದ್ಳು.

ಎಲ್ಲಾ ಚೆನ್ನಾಗೇ ಆಯ್ತು ಅಂತೇನಿಲ್ಲ. ತಾಯಂದ್ರಿಗೆ ಫೋನಲ್ಲಿ ಕೇಳಿಸೋದು ಆಗ್ಲಿಲ್ಲ, ನೆಟ್‌ವರ್ಕೇ ಕೈಕೊಡ್ತು. ವಾಕಿಂಗ್ ಪ್ಲಾನ್ ಎರಡೇ ದಿನಕ್ಕೆ ಬಿತ್ತು, ಗೇಟು ಆರೂವರೆಗೆ ಹಾಕ್ತೀವಿ, ಕ್ಲಾಸು ಬಿಡೋದು ಐದಕ್ಕೆ, ಬಟ್ಟೆ ಒಗ್ಯೋರು ಯಾರು. ಈಗ ಟೆರೇಸ್ ಬೀಗ ತೆಗ್ಸಿದೀನಿ, ರಾತ್ರಿ ಊಟ ಆದ್ಮೇಲೆ ಇಪ್ಪತ್ತು ನಿಮಿಷ ಹಾಡು ಹಾಕ್ಕೊಂಡು ಕುಣೀತಾರೆ, ಕೆಳಗಿನ ರೂಮಿನೋರು ಕಂಪ್ಲೇಂಟ್ ಕೊಟ್ಟಾಗಿದೆ.

ದೊಡ್ಡ ಜಗಳ ಅಡುಗೆ ಅಣ್ಣಂದು. "ಕಾಳು ಹಾಕು ಅಂತೀರ, ಬಜೆಟ್ ಯಾರು ಕೊಡ್ತಾರೆ" ಅಂತ ಸೌಟು ಕೆಳಗಿಟ್ಟು ಕೂತ್ಬಿಟ್ರು. ವಾರಕ್ಕೆ ಮೂರು ದಿನ ಕಾಳಿನ ಪಲ್ಯ ಆಗ್ಬೇಕು ಅಂದ್ರೆ ಎಷ್ಟು ಬೇಕು, ಯಾರಾದ್ರೂ ಲೆಕ್ಕ ಹಾಕ್ಕೊಡಿ, ಕಾಮರ್ಸ್ ಮೇಷ್ಟ್ರಾಗಿ ನಾನೇ ಕೇಳ್ತಿದೀನಿ ಅಂತ ನಗ್ಬೇಡಿ.

ಮೈಸೂರು_ಡಯಟಿಷಿಯನ್

ಒಂದ್ಸಲಕ್ಕೆ ತಲೆಗೆ 30 ಗ್ರಾಂ ಒಣ ಕಾಳು ಸಾಕು, ಅದ್ರಲ್ಲೇ 7 ಗ್ರಾಂ ಪ್ರೋಟೀನ್ ಬಂತು. 140 ಜನಕ್ಕೆ 4 ಕೆಜಿ 200 ಗ್ರಾಂ. ಹೆಸ್ರುಕಾಳು ಕೆಜಿಗೆ 120 ಅಂತ ಇಟ್ಕೊಂಡ್ರೂ 504 ರೂಪಾಯಿ, ಒಬ್ಳಿಗೆ 3 ರೂಪಾಯಿ 60 ಪೈಸೆ. ಭಾನುವಾರದ ಪೂರಿ ಎಣ್ಣೆ ಬಿಲ್ಲು ಪಕ್ಕದಲ್ಲಿಟ್ಟು ತೋರ್ಸಿ ಅಡುಗೆ ಅಣ್ಣಂಗೆ.

ಹಾಸನದ_ಹಾಸ್ಟೆಲ್_ಮೇಡಂ

ತೋರ್ಸಿದೆ. ಪೂರಿ ತಿಂಗ್ಳಿಗೆ ಎರಡು ಸಲ ಅಂತ ಒಪ್ಪಿದಾರೆ. ಹುರುಳಿಕಾಳು ಹಾಕೋಣ ಅಂದ್ರೆ ಮಾತ್ರ "ಹುಡುಗೀರು ವಾಸ್ನೆ ಅಂತ ಮೂಗು ಮುರೀತಾರೆ, ದನ ತಿನ್ನೋದು ಅಂತಾರೆ" ಅಂತಿದಾರೆ.

ಮದ್ದೂರ್_ಗೌಡ

ಹುರುಳಿಯ ರಾತ್ರಿ ನೆನೆಸಿ ಬಟ್ಟೇಲಿ ಕಟ್ಟಿ ಎರಡ್ ದಿನ ಮೊಳಕೆ ಬರ್ಸಿ, ಆಮೇಲೆ ಬೇಯ್ಸಿ ಬಸೀರಿ. ಬಸಿದ ಕಟ್ಟು ಚೆಲ್ಬೇಡಿ ಅಂತ ಅಡುಗೆಯವ್ರಿಗೆ ಹೇಳಿ ತಾಯಿ, ಅದ್ರಲ್ಲೇ ಬಸ್ಸಾರು, ಈರುಳ್ಳಿ ಬೆಳ್ಳುಳ್ಳಿ ಸುಟ್ಟು ರುಬ್ಬಿ ಹಾಕಿದ್ರೆ ವಾಸ್ನೆ ಎಲ್ಲೋಯ್ತದೆ ಗೊತ್ತಾಗಲ್ಲ. ಮೊದಲ್ನೇ ದಿನ ಮುದ್ದೆ ಜೊತೆ ಬಡ್ಸಿ, ಅನ್ನದ ಜೊತೆ ಬಡ್ಸಬೇಡಿ. ನನ್ ಮಗ್ಳೂ ಮೂಗು ಮುರಿತಿದ್ಲು, ಈಗ ನಾಲೆ ಏರಿಯಿಂದ ಬರ್ತಿದ್ದಂಗೆ ಸಾರಿನ ಪಾತ್ರೆ ಮುಚ್ಚಳ ತೆಗೀತಾಳೆ.